ಹಳೆ ಸೀರೆ ಕೇಳಿದ ಡಂಗೂರ

ಕಲ್ಲೂರಿನ ಅರಸನಿಗೆ ಹೊಳೆಯಾಚೆಯ ಹುಲ್ಲುಗಾವಲಿನ ಮೇಲೆ ಕಣ್ಣು ಬಿತ್ತು. ಆಚೆ ದಡದವರ ಮೇಲೆ ದಂಡೆತ್ತಿ ಹೋಗುವುದೆಂದು ತೀರ್ಮಾನವಾಯಿತು. ಡಂಗೂರ ಸಾರುವ ಭರಮಣ್ಣನನ್ನು ಕರೆಸಿ ಮಂತ್ರಿ ಹೇಳಿದ, "ಯುದ್ಧ ಎಂಬ ಮಾತು ನಿನ್ನ ಬಾಯಿಂದ ಹೊರಡಕೂಡದು. ಗಡಿಯಾತ್ರೆ ಎಂದು ಸಾರು."

ಅರಮನೆಯವರ ಮಾತು, ತನಗೇಕೆ ಇಲ್ಲದ ಉಸಾಬರಿ ಎಂದುಕೊಂಡು ಭರಮಣ್ಣ ಹಾಗೆಯೇ ಸಾರಿದ.

ಆ ಊರಲ್ಲೊಂದು ಪದ್ಧತಿಯಿತ್ತು. ಯುದ್ಧವೆಂದರೆ ಪ್ರತಿ ಮನೆಯವರೂ ಗಾಯಕ್ಕೆ ಕಟ್ಟಲು ಹಳೆ ಸೀರೆ ಒಗೆದು ಕೋಟೆ ಬಾಗಿಲಿಗೆ ತಂದು ಹಾಕಬೇಕು. ಯಾತ್ರೆಯೆಂದರೆ ಬುತ್ತಿ ತರಬೇಕು. ಈ ಸಲ ಬಾಗಿಲ ತುಂಬ ಹೋಳಿಗೆ, ಚಕ್ಕುಲಿಯ ಬುಟ್ಟಿಗಳೇ! ಒಂದು ತುಂಡು ಬಟ್ಟೆಯಿಲ್ಲ.

ಭರಮಣ್ಣ ಮನೆಗೆ ಬಂದರೆ ಒಬ್ಬನೇ ಮಗ ಸೋಮಲಿಂಗನೂ ದಂಡಿನ ಜೊತೆ ಯಾತ್ರೆಗೆ ಹೊರಡಲು ಹೊಸ ರುಮಾಲು ಸುತ್ತುತ್ತಿದ್ದ. ಹೆಂಡತಿ ಪಾರವ್ವ ಹೋಳಿಗೆಯ ಗಂಟು ಕಟ್ಟುತ್ತ, "ಬರೂವಾಗ ಪ್ರಸಾದ ಮರೀಬ್ಯಾಡಪಾ" ಎನ್ನುತ್ತಿದ್ದಳು.

ಭರಮಣ್ಣ ಮಗನ ರುಮಾಲು ನೋಡಿದ, ಹೋಳಿಗೆಯ ಗಂಟು ನೋಡಿದ. ತಾನು ಊರಿಗೆಲ್ಲ ಹಂಚಿದ ಸುಳ್ಳು ತನ್ನ ಮನೆಯೊಳಗೂ ಬಂದು ಕೂತಿತ್ತು.

"ಪಾರೀ, ಒಂದ್ ಹಳೇ ಸೀರಿ ತಗಿ."

"ಯಾತ್ರಿಗ್ಯಾಕ ಹಳೇ ಸೀರಿ?"

"ಯಾತ್ರಿ ಅಲ್ಲ. ಯುದ್ಧ."

ಪಾರವ್ವ ಗಂಟು ಬದಿಗಿಟ್ಟು ಸೀರೆಯ ಪೆಟ್ಟಿಗೆ ತೆರೆದಳು. ಭರಮಣ್ಣ ಡಂಗೂರ ಬಾರಿಸುವ ಹಲಗೆಯನ್ನು ಹೆಗಲಿಗೇರಿಸಿ ಮತ್ತೆ ಬೀದಿಗಿಳಿದ. "ಕೇಳ್ರಪ್ಪೋ! ಆಗ ಸಾರಿದ್ದು ಸುಳ್ಳು! ಇದು ಯುದ್ಧ! ಹುಲ್ಲುಗಾವಲಿನ ಸಲುವಾಗಿ ಯುದ್ಧ! ಹಳೇ ಸೀರಿ ತರ್ರಿ!"

ಸಂಜೆಯೊಳಗೆ ಕೋಟೆ ಬಾಗಿಲಲ್ಲಿ ಬಟ್ಟೆಯ ರಾಶಿ ಆಳೆತ್ತರ ಬೆಳೆಯಿತು. ಮಂತ್ರಿ ಹಲ್ಲು ಕಡಿದ. ಗದ್ದಲ ಕೇಳಿ ಅರಸನೇ ಹೊರಗೆ ಬಂದ. ಪಾರವ್ವ ತನ್ನ ಸೀರೆಯನ್ನು ಅವನ ಕೈಗೇ ಕೊಟ್ಟಳು. "ನನ್ನ ಮಗನಿಗೆ ತೊಟ್ಟಿಲಾ ಕಟ್ಟಿದ ಸೀರಿ ಐತ್ರಿ ಧಣಿ. ಹುಲ್ಲಿನ ಸಲುವಾಗಿ ಇದಕ್ಕ ಅವನ ರಕ್ತ ಹಚ್ಚೂದಾದ್ರ ಹಚ್ರಿ."

ಅರಸ ಸೀರೆಯನ್ನು ಬಿಡಿಸಿ ನೋಡಿದ. ಗಡಿಯಾತ್ರೆ, ಗಡಿಯಾತ್ರೆ ಎಂದು ಹೇಳಿ ಹೇಳಿ ಅವನೂ ಅದನ್ನೇ ನಂಬಿಬಿಟ್ಟಿದ್ದ, ಪಾಪ! ಸೀರೆಯನ್ನು ಮಡಚಿ ಪಾರವ್ವನಿಗೆ ಹಿಂದಿರುಗಿಸಿ, ದಂಡಿಗೆ ಮನೆಗೆ ಹೋಗಲು ಹೇಳಿದ.

ಮರುದಿನ ಹೋಳಿಗೆ ಬುಟ್ಟಿಗಳಷ್ಟೇ ಹೊಳೆ ದಾಟಿದವು. ಎರಡೂ ದಡದವರು ಕೂಡಿ ಉಂಡು, ಹುಲ್ಲುಗಾವಲಿನಲ್ಲಿ ಸರದಿಯ ಮೇಲೆ ದನ ಮೇಯಿಸುವುದೆಂದು ಒಪ್ಪಿಕೊಂಡರು. ಹಳೆ ಸೀರೆಗಳಲ್ಲಿ ಹೆಂಗಸರು ಕೌದಿ ಹೊಲಿದರು. ಅವುಗಳಲ್ಲೊಂದನ್ನು ಹೊದ್ದು ಸೋಮಲಿಂಗ ಗೊರಕೆ ಹೊಡೆಯುತ್ತಿದ್ದರೆ, ಭರಮಣ್ಣನಿಗೆ ಅದಕ್ಕಿಂತ ಇಂಪಾದ ಸದ್ದು ಬೇಕೆನಿಸಲಿಲ್ಲ.

ನೀತಿ: ಯುದ್ಧಕ್ಕೆ ಚೆಂದದ ಹೆಸರಿಟ್ಟರೆ ಜನ ಬುತ್ತಿ ಕಟ್ಟುತ್ತಾರೆ. ಅದರ ನಿಜವಾದ ಹೆಸರು ಹೇಳಿದರೆ, ಯಾಕೆ ಎಂದು ಕೇಳುತ್ತಾರೆ.