ಎಣ್ಣೆ ಕುಡಿದ ಕೋವಿ

“ಕೇಳ್ರಪ್ಪೋ ಕೇಳಿ! ತೀರಿಹೋದ ದೊಡ್ಡ ಮಹಾಸ್ವಾಮಿಗಳ ಕೋವಿಯ ಮರದ ಹಿಡಿ ಬಿರುಕು ಬಿಟ್ಟಿದೆ. ಅದನ್ನು ಮಾಡಿದವನು ಮೂರು ಒಗಟು ಬರೆದಿಟ್ಟು ಸತ್ತಿದ್ದಾನೆ. ಒಗಟು ಬಿಡಿಸಿ ಹಿಡಿ ಸರಿಮಾಡಿದವನಿಗೆ ಕೇಳಿದ್ದು ಸಿಗುತ್ತದೆ. ಒಗಟು ತಪ್ಪಿದರೂ ಹಿಡಿ ಮತ್ತೆ ಸೀಳಿದರೂ ತಲೆ ಹೋಗುತ್ತದೆ!”

ಸಿರಿವಳಲಿನ ರಾಜ ಹೀಗೆ ಡಂಗುರ ಹೊಡೆಸಿದ. ಉತ್ತರ ಅವನಿಗೂ ಗೊತ್ತಿರಲಿಲ್ಲ. ರಾಜರಿಗೆ ಅದೊಂದು ಅನುಕೂಲ, ಉತ್ತರ ಗೊತ್ತಿಲ್ಲದೆಯೂ ತಲೆ ತೆಗೆಯಬಹುದು.

ಮೊದಲು ಬಂದ ಆಸ್ಥಾನ ಪಂಡಿತರು ಮೂರು ಒಗಟಿಗೂ ‘ಮಾಯೆ’ ಎಂದರು. ಮಾಯೆಯಿಂದ ಮರ ಕೂಡಲಿಲ್ಲ. ಆಮೇಲೆ ಅರಮನೆಯ ಬಡಗಿ ಕಾಳಾಚಾರಿ ಬಿರುಕಿಗೆ ಅಂಟು ತುಂಬಿ, ತಂತಿ ಬಿಗಿದು ಕೊಟ್ಟ. ಮೊದಲ ಗುಂಡಿಗೇ ಹಿಡಿ ಸೀಳಿತು. ಇಬ್ಬರೂ ಸೆರೆ ಸೇರಿದರು. ಅಮಾವಾಸ್ಯೆಗೆ ಅವರ ತಲೆ ಹೋಗುವುದೆಂದು ನಿಶ್ಚಯವಾಯಿತು.

ಕಾಳಾಚಾರಿಯ ಸೋದರಳಿಯ ಮಾಚಾರಿ ಹಳ್ಳಿಯಲ್ಲಿ ನೇಗಿಲು, ನೊಗ ಮಾಡಿಕೊಂಡಿದ್ದ. ಕೋವಿ ಮುಟ್ಟಿದವನೇ ಅಲ್ಲ. ಸಾಕಿದ ಮಾವನ ಸುದ್ದಿ ಕೇಳಿ ಉಳಿಯ ಚೀಲ ಹೆಗಲಿಗೇರಿಸಿ ಬಂದ. ರಾಜನ ಮುಂದೆ ಚೀಲ ಇಳಿಸಿ ನಿಂತ.

ರಾಜ ಕೇಳಿದ, “ಮುಚ್ಚಬೇಕಾದರೆ ಮೊದಲು ಅಗಲ ಮಾಡಬೇಕು. ಏನದು?”

“ಬುದ್ಧೀ, ಅದು ಬಿರುಕು. ಬೆಣೆ ಕೊಟ್ಟು ಅದರ ಬಾಯಿ ತೆರೆಸಬೇಕು. ಇಲ್ದಿದ್ರೆ ಅಂಟು ಒಳಕ್ಕಿಳಿಯಾಕಿಲ್ಲ.”

“ಪ್ರೀತಿಯಿಂದ ಹಾಕಿದ್ದೇ ಕೂಡಗೊಡದು. ಏನದು?”

ಮಾಚಾರಿ ಹಿಡಿಯನ್ನು ಮೂಸಿ ನೋಡಿದ. “ಎಣ್ಣೆ, ಬುದ್ಧಿ. ಆಯುಧಪೂಜೇಲಿ ಇದಕ್ಕೆ ಎಣ್ಣೆ ಹಾಕೋರು ಯಾರು?”

ಸಭೆಯ ಕಣ್ಣೆಲ್ಲ ರಾಜನತ್ತ ಹೊರಳಿತು. “ನಾನೇ,” ಎಂದ ರಾಜ. “ಅಪ್ಪಾಜಿಯ ಕೋವಿ. ವರ್ಷಕ್ಕೊಂದು ಬಟ್ಟಲು ಸುರಿಯುತ್ತೇನೆ.”

“ಕಬ್ಬಿಣಕ್ಕೆ ಒಂದು ತೊಟ್ಟು ಸಾಕಿತ್ತು. ಮಿಕ್ಕಿದ್ದನ್ನೆಲ್ಲ ಮರ ಕುಡಿದೈತೆ. ಎಣ್ಣೆ ಕುಡಿದ ಮರಕ್ಕೆ ಅಂಟು ಹತ್ತಾಕಿಲ್ಲ. ತಪ್ಪು ನಮ್ಮ ಮಾವಂದಲ್ಲ.”

ರಾಜನ ಮುಖ ಕೆಂಪಾಯಿತು. ಆದರೂ ಮೂರನೆಯದನ್ನು ಕೇಳಿದ, “ಅಲ್ಲಿ ಏನೂ ಇಲ್ಲ, ಆ ಏನೂ ಇಲ್ಲದ್ದು ಇಲ್ಲದಿದ್ದರೆ ಮರ ಉಳಿಯದು. ಏನದು?”

“ಸಂದು, ಬುದ್ಧಿ. ಗುಂಡು ಹಾರಿದಾಗ ಕಬ್ಬಿಣ ಹಿಂದಕ್ಕೆ ಒದೀತದೆ. ಅದರ ಹಿಂದೆ ಕೂದಲೆಳೆಯಷ್ಟು ಜಾಗ ಬೇಕು. ಇಲ್ಲಿ ಗುರುತು ನೋಡಿ, ಹಿಂಗೆ ಒತ್ತಿಕೊಂಡಿದ್ರೆ ಬೆಣೆ ಹೊಡೆದಂಗೆ ಮರ ಸೀಳ್ತದೆ.”

ಎಂಟು ದಿನ ಮಾಚಾರಿ ಬಿಸಿ ಬೂದಿ ಮೆತ್ತಿ ಮರದ ಎಣ್ಣೆ ಹೀರಿಸಿದ. ಬಿರುಕು ಅಗಲಿಸಿ ಅಂಟು ಇಳಿಸಿದ, ಅಡ್ಡಲಾಗಿ ಮರದ ಮೊಳೆ ಹೊಡೆದು ಹುರಿಯಿಂದ ಬಿಗಿದು ಒಣಗಿಸಿದ, ಕೊನೆಗೆ ಉಳಿಯಿಂದ ಸಂದು ಬಿಡಿಸಿದ. ರಾಜ ತಾನೇ ಮೂರು ಗುಂಡು ಹಾರಿಸಿದ. ಹಿಡಿ ಹಾಗೇ ಇತ್ತು.

“ಏನು ಬೇಕು ಕೇಳು.”

“ನಮ್ಮ ಮಾವನ್ನೂ ಪಂಡಿತರನ್ನೂ ಬಿಟ್ಟುಬಿಡಿ, ಬುದ್ಧಿ.”

ಇಬ್ಬರೂ ಹೊರಬಂದರು. ಕಾಳಾಚಾರಿ ಅಳಿಯನನ್ನು ತಬ್ಬಿಕೊಂಡು ಅತ್ತುಬಿಟ್ಟ. ರಾಜನ ಸಂತೋಷ ಅಷ್ಟಕ್ಕೆ ನಿಲ್ಲಲಿಲ್ಲ. “ಅರಮನೆಯ ಗೋಡೆಗೆ ಅಂಟಿಕೊಂಡೇ ಮನೆ ಕಟ್ಟಿಸಿಕೊಡುತ್ತೇನೆ, ಇಲ್ಲೇ ಇರು,” ಎಂದ.

ಮಾಚಾರಿ ಕೈಮುಗಿದ. “ನಮ್ಮೂರು ಎರಡೇ ಹರದಾರಿ ದೂರ. ಕರೆದಾಗ ಬರ್ತೀನಿ. ಅಷ್ಟು ಸಂದು ಇರಲಿ, ಬುದ್ಧಿ.”

ರಾಜ ನಕ್ಕು, ಅವನ ಊರಲ್ಲೇ ಹೊಲ ಕೊಟ್ಟು ಕಳಿಸಿದ. ಆ ವರ್ಷದ ಆಯುಧಪೂಜೆಯಲ್ಲಿ ಕೋವಿಗೆ ಬಿದ್ದ ಎಣ್ಣೆ ಒಂದೇ ತೊಟ್ಟು, ಅದೂ ಕಬ್ಬಿಣಕ್ಕೆ.