ಒಸರು ನೀರಿನ ಬಣ್ಣ

ಮಾರಕ್ಕ ತಾಯಿಯವರಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಕರಿಕಲ್ಲುಪಾಳ್ಯದ ದೊಡ್ಡಕೆರೆಯ ಏರಿಯ ಹಿಂಬದಿಯಲ್ಲಿ, ಹೊಂಗೆಮರದಡಿಯ ಒಂದು ಗುಡಿಸಲೇ ಅವರ ಆಶ್ರಮ. ಮಣ್ಣು ಹೊತ್ತು ಕೆರೆ ಕಟ್ಟುವ ಒಡ್ಡರ ಕುಲದಲ್ಲಿ ಜನಿಸಿದ ತಾಯಿಯವರು ಎಳೆಯ ವಯಸ್ಸಿನಲ್ಲೇ ವೈಧವ್ಯವನ್ನು ಕಂಡು, ಊರೂರು ಅಲೆದು, ಕೊನೆಗೆ ಮೂವತ್ತು ವರ್ಷದ ಹಿಂದೆ ಇಲ್ಲಿ ಬಂದು ನೆಲೆಸಿದವರು. ದಾರಿಹೋಕರಿಗೆ ನೀರು ಕೊಡುವುದು, ಕೇಳಿದವರಿಗೆ ಒಂದೆರಡು ಮಾತು ಹೇಳುವುದು, ಉಳಿದ ಹೊತ್ತು ಮೌನ. ದಿನವೂ ಮುಂಜಾನೆ ಏರಿಯ ಬುಡದಲ್ಲಿ ಒಸರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಸ್ವಲ್ಪ ಹೊತ್ತು ಹಾಗೆಯೇ ಇಟ್ಟು, ಆಮೇಲೆ ಬೆಳಕಿಗೆ ಎತ್ತಿ ನೋಡಿ ಕೈಮುಗಿಯುತ್ತಿದ್ದರು. ಊರಿನವರು ಅದನ್ನು ಗಂಗೆಪೂಜೆ ಎಂದೇ ತಿಳಿದಿದ್ದರು. ಆ ನೀರನ್ನು ತೀರ್ಥವೆಂದು ಮನೆಗೆ ಒಯ್ಯುತ್ತಿದ್ದರು. "ಕಾಯಿಸಿ ಕುಡೀರಪ್ಪ" ಎಂದು ತಾಯಿಯವರು ಹೇಳುತ್ತಿದ್ದುದುಂಟು. ಆ ಮಾತನ್ನು ಕಿವಿಗೆ ಹಾಕಿಕೊಂಡವರು ಕಡಿಮೆ.

ಆ ವರ್ಷ ಕೆರೆಗಳ ಉಸ್ತುವಾರಿಗೆಂದು ವರ್ಗವಾಗಿ ಬಂದ ಓವರ್‌ಸಿಯರ್ ಪದ್ಮನಾಭಯ್ಯನವರಿಗೆ ಈ ತೀರ್ಥದ ಸುದ್ದಿ ಕೇಳಿಯೇ ಮೈಯುರಿಯಿತು. ಅವರು ಕೆಟ್ಟವರಲ್ಲ. ಕೆಲಸದಲ್ಲಿ ನಿಷ್ಠರು, ಕೈ ಶುದ್ಧವಿದ್ದವರು. ಆದರೆ ಅವರ ಒಬ್ಬಳೇ ತಂಗಿ ವಿಷಮಜ್ವರದಲ್ಲಿ ಮಲಗಿದ್ದಾಗ ಮನೆಯವರು ಯಾರೋ ಬಾಬಾ ಕೊಟ್ಟ ನೀರನ್ನು ಕುಡಿಸುತ್ತ ಒಂಬತ್ತು ದಿನ ಕಳೆದಿದ್ದರು. ಡಾಕ್ಟರು ಬರುವ ಹೊತ್ತಿಗೆ ಅವಳಿರಲಿಲ್ಲ. ಅಂದಿನಿಂದ ಕಾವಿ, ವಿಭೂತಿ, ತೀರ್ಥ ಯಾವುದನ್ನು ಕಂಡರೂ ಅವರು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು.

ಹಸ್ತ ಮಳೆ ಮೂರು ದಿನ ಬಿಡದೆ ಹೊಡೆಯಿತು. ಕೆರೆ ತುಂಬಿ ಕೋಡಿ ಬಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಮಳೆ ನಿಂತದ್ದೇ ಪದ್ಮನಾಭಯ್ಯನವರು ನಾಲ್ಕು ಜನ ಕೂಲಿಗಳೊಂದಿಗೆ ಏರಿ ನೋಡಲು ಬಂದರು. ತಾಯಿಯವರು ಏರಿಯ ಬುಡದಲ್ಲಿ ಲೋಟ ಹಿಡಿದು ಕುಳಿತಿದ್ದರು.

"ಏನಮ್ಮ, ಇವತ್ತಿನ ಪೂಜೆ ಇನ್ನೂ ಮುಗೀಲಿಲ್ವೇ?" ಎಂದರು ಓವರ್‌ಸಿಯರು ವ್ಯಂಗ್ಯವಾಗಿ.

ತಾಯಿಯವರು ಲೋಟವನ್ನು ಅವರತ್ತ ಚಾಚಿದರು. ತಳದಲ್ಲಿ ಬೆರಳು ದಪ್ಪ ಕೆಂಪು ಮಣ್ಣು ಕೂತಿತ್ತು.

"ಇಷ್ಟು ದಿನ ತಿಳಿ ನೀರು ಬರ್ತಿತ್ತು ಸ್ವಾಮಿ. ತಿಳಿ ಬಂದ್ರೆ ಬರ್ಲಿ, ಭಯ ಇಲ್ಲ. ಇವತ್ತು ಮಣ್ಣು ಬರ್ತಾ ಐತೆ. ನೀರು ಏರೀನ ಒಳಗಿಂದ ತಿಂತಾ ಐತೆ."

ಪದ್ಮನಾಭಯ್ಯನವರು ಬಗ್ಗಿ ನೋಡಿದರು. ಹುಲ್ಲಿನ ನಡುವೆ ಮುಷ್ಟಿಗಾತ್ರದ ತೂತು, ಅದರಿಂದ ಕೆಂಪು ನೀರು ಬುಳುಬುಳು ಉಕ್ಕುತ್ತಿತ್ತು. ತಕ್ಷಣ ಕೂಲಿಗಳಿಗೆ, "ಜೇಡಿಮಣ್ಣು ತನ್ನಿ. ತೂತಿಗೆ ಗಿಡಿದು ತುಂಬಿ, ಗಟ್ಟಿಯಾಗಿ ಧಮ್ಮಸ್ಸು ಹಾಕಿ" ಎಂದು ಕೂಗಿದರು.

"ತೂತಿನ ಬಾಯಿ ಮುಚ್ಚಬ್ಯಾಡಿ ಸ್ವಾಮಿ. ನೀರು ಬ್ಯಾರೆ ಬಾಯಿ ಮಾಡ್ಕಂತೈತೆ" ಎಂದರು ತಾಯಿಯವರು.

ಓವರ್‌ಸಿಯರು ತಿರುಗಿಯೂ ನೋಡಲಿಲ್ಲ. ತಾಯಿಯವರು ವಾದಿಸದೆ ಕೂಲಿಗಳ ಬಳಿ ಹೋಗಿ, "ತೂತಿನ ಎದುರಿಗೆ ನಿಂತ್ಕಬ್ಯಾಡ್ರಪ್ಪ, ಪಕ್ಕದಾಗೆ ನಿಂತು ಮಾಡ್ರಿ" ಎಂದಷ್ಟೇ ಹೇಳಿದರು.

ಜೇಡಿ ಬಿತ್ತು, ನೀರು ನಿಂತಿತು. ಪದ್ಮನಾಭಯ್ಯನವರು ಹಣೆಯ ಬೆವರೊರೆಸಿಕೊಂಡರು. ಅರ್ಧ ಗಂಟೆ ಕಳೆದಿರಲಿಲ್ಲ, ಎರಡು ಮಾರು ಆಚೆ ನೆಲ ಉಬ್ಬಿ ಬಾಯಿಬಿಟ್ಟಿತು. ಅದರ ಪಕ್ಕದಲ್ಲೇ ಇನ್ನೊಂದು. ಎರಡರಿಂದಲೂ ರಾಡಿ ನುಗ್ಗತೊಡಗಿತು. ಮೇಲೆ ಏರಿಯ ತಲೆಯಲ್ಲಿ ಒಂದು ಗೇಣು ಮಣ್ಣು ಕುಸಿದು ಕೂತಿತು.

ಏರಿಯ ಕೆಳಬದಿಯ ಕೇರಿಯಲ್ಲಿ ಅರವತ್ತು ಮನೆಗಳಿದ್ದವು. ಪದ್ಮನಾಭಯ್ಯನವರು ಓಡಿಹೋಗಿ, "ಏಳ್ರಯ್ಯ, ಏರಿ ಒಡೆಯುತ್ತೆ, ಗುಡ್ಡಕ್ಕೆ ಹೋಗಿ!" ಎಂದು ಮನೆಮನೆಯ ಮುಂದೆ ಕೂಗಿಕೊಂಡರು. ಯಾರೂ ಕದಲಲಿಲ್ಲ. ಜಗಲಿಯ ಮೇಲೆ ಕುಳಿತಿದ್ದ ಒಬ್ಬ ಮುದುಕ, "ಅವ್ವ ಅಲ್ಲೇ ಕುಂತವ್ರಲ್ಲ ಸ್ವಾಮಿ. ಅವ್ರು ಇರೋಗಂಟ ಕೆರೆ ಒಡೆಯಾಕಿಲ್ಲ" ಎಂದು ನಿಶ್ಚಿಂತೆಯಿಂದ ಹೇಳಿದ.

ಬೇರೆ ದಿನವಾಗಿದ್ದರೆ ಓವರ್‌ಸಿಯರು ಕೂಗಾಡುತ್ತಿದ್ದರು. ಅಂದು ಕೋಪಕ್ಕೂ ಪುರುಸೊತ್ತಿರಲಿಲ್ಲ. ಏದುಸಿರು ಬಿಡುತ್ತ ತಾಯಿಯವರ ಬಳಿ ಬಂದು ನಿಂತರು.

"ಅಮ್ಮ, ಅವರು ನನ್ನ ಮಾತು ಕೇಳ್ತಿಲ್ಲ. ನೀವು ಒಂದು ಮಾತು ಹೇಳಿ."

ತಾಯಿಯವರು ಎದ್ದು ದಿಬ್ಬದ ಮೇಲೆ ನಿಂತರು. "ಮಕ್ಕಳು ಮುದುಕರು ಎಲ್ಲ ಗುಡ್ಡ ಹತ್ರಿ. ಕೈಲಾದೋರು ಪುಟ್ಟಿ ತಗಂಡು ಇಲ್ಲಿಗೆ ಬರ್ರಿ" ಎಂದು ಒಮ್ಮೆ ಕೂಗಿದರು. ಕೇರಿ ಎದ್ದಿತು. ಆ ಮುದುಕನನ್ನು ಅವನ ಮೊಮ್ಮಗಳು ಕೈಹಿಡಿದು ನಡೆಸಿಕೊಂಡು ಹೋದಳು.

"ಈಗ ನಾನೇನು ಮಾಡಲಿ ತಾಯಿ?" ಎಂದರು ಪದ್ಮನಾಭಯ್ಯನವರು. ತಾಯಿ ಎಂಬ ಮಾತು ಬಾಯಿಂದ ಬಂದದ್ದು ಅವರಿಗೇ ತಿಳಿಯಲಿಲ್ಲ.

"ನೀರನ್ನ ಬಿಡ್ರಿ. ಮಣ್ಣನ್ನ ಹಿಡೀರಿ."

ಒಂದು ಕ್ಷಣ ಅವರಿಗೆ ಅರ್ಥವಾಗಲಿಲ್ಲ. ಅರ್ಥವಾದಾಗ ನಾಚಿಕೆಯೂ ಧೈರ್ಯವೂ ಒಟ್ಟಿಗೇ ಬಂದವು. ತುಂಬಿದ ಕೆರೆಯ ಭಾರ ಹಿಂದಿರುವಾಗ ನೀರು ನಿಲ್ಲುವುದಿಲ್ಲ. ನಿಲ್ಲಿಸಹೋದಷ್ಟೂ ಒಳಗೆ ಒತ್ತಿ, ಮೆತ್ತಗಿರುವ ಜಾಗ ಹುಡುಕುತ್ತದೆ. ಅದಕ್ಕೆ ದಾರಿ ಬಿಡಬೇಕು, ಆದರೆ ಮಣ್ಣಿನ ಒಂದು ಕಣವನ್ನೂ ಹೊತ್ತುಕೊಂಡು ಹೋಗಲು ಬಿಡಬಾರದು. ಮೊದಲು ಕೆರೆಯ ಭಾರ ಇಳಿಯಲೆಂದು ತಾವೇ ಓಡಿ ತೂಬು ಎತ್ತಿಸಿದರು. ಗಿಡಿದ ಜೇಡಿಯನ್ನು ತಾಯಿಯವರು ಹೇಳಿದಂತೆ ಬಿಡಿಸಿದರು. ಶಾಲೆ ಕಟ್ಟಲು ರಾಶಿ ಹಾಕಿದ್ದ ಮರಳು ಪುಟ್ಟಿ ಪುಟ್ಟಿಯಾಗಿ ಕೈಯಿಂದ ಕೈಗೆ ಬಂತು. ಮೊದಲ ಪುಟ್ಟಿಗಳನ್ನು ನೀರು ಕೊಚ್ಚಿಕೊಂಡು ಹೋಯಿತು. "ಒಂದೊಂದಲ್ಲ, ಹತ್ತು ಒಟ್ಟಿಗೆ ಸುರೀರಿ" ಎಂದರು ತಾಯಿಯವರು. ಆಗ ಮರಳು ನಿಂತಿತು. ಅದರ ಮೇಲೆ ಸಣ್ಣ ಜಲ್ಲಿ, ಜಲ್ಲಿಯ ಮೇಲೆ ದಪ್ಪ ಕಲ್ಲು. ಓವರ್‌ಸಿಯರು ಷರಾಯಿ ಮೊಣಕಾಲಿಗೆ ಮಡಚಿ, ಕೂಲಿಯವರ ಜೊತೆ ರಾಡಿಯಲ್ಲಿ ನಿಂತು ಕಲ್ಲು ಜೋಡಿಸಿದರು.

ಮಧ್ಯಾಹ್ನದ ಹೊತ್ತಿಗೆ ಕಲ್ಲುಗಳ ಸಂದಿಯಿಂದ ನೀರು ಇನ್ನೂ ಹರಿಯುತ್ತಿತ್ತು. ಆದರೆ ತಿಳಿಯಾಗಿ ಹರಿಯುತ್ತಿತ್ತು. ಏರಿ ಮತ್ತೆ ಕುಸಿಯಲಿಲ್ಲ. ಜನ "ಅವ್ವನ ಪವಾಡ" ಎಂದು ಅಡ್ಡಬಿದ್ದರು. ತಾಯಿಯವರು, "ಮರಳಿಗೆ ಅಡ್ಡಬೀಳ್ರಿ. ಶಾಲೆ ಮರಳು, ತಿರುಗಿ ತಂದು ಹಾಕ್ರಿ" ಎಂದು ಹೇಳಿ ಗುಡಿಸಲಿನತ್ತ ನಡೆದರು.

ಪದ್ಮನಾಭಯ್ಯನವರು ಹಿಂದೆಯೇ ಹೋದರು. "ಇದನ್ನು ನಿಮಗೆ ಯಾರು ಕಲಿಸಿದರು ತಾಯಿ?"

ತಾಯಿಯವರು ಕೈಯ ಮಣ್ಣು ತೊಳೆದುಕೊಳ್ಳುತ್ತಿದ್ದರು. "ಮದಿವ್ಯಾದ ಎರಡನೇ ವರ್ಷ. ಬ್ಯಾರೆ ಊರ ಕೆರೆ. ಹಿಂಗೇ ತೂತು ಬಿತ್ತು. ನನ್ನ ಗಂಡ ಎದುರಿಗೆ ನಿಂತು ಜೇಡಿ ಗಿಡೀತಿದ್ದ. ಪುಟ್ಟಿ ತುಂಬಿ ಕೊಡ್ತಿದ್ದೋಳು ನಾನೇ." ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಏರಿ ಒಡೀತು. ಹನ್ನೊಂದು ಜನ ಹೋದ್ರು. ಉಳಿದೋರು ಕಲಿತ್ವಿ" ಎಂದರು.

ಮೂವತ್ತು ವರ್ಷ ಒಂದು ಮುಂಜಾನೆಯನ್ನೂ ತಪ್ಪಿಸದೆ ತಾಯಿಯವರು ಏರಿಯ ಬುಡದಲ್ಲಿ ನೀರು ಹಿಡಿದು ನೋಡುತ್ತಿದ್ದುದು ಏತಕ್ಕೆಂದು ಪದ್ಮನಾಭಯ್ಯನವರಿಗೆ ಆಗ ತಿಳಿಯಿತು. ಅವರು ಅಲ್ಲೇ ನೆಲದ ಮೇಲೆ ಕುಳಿತರು. ಯಾರ ಮುಂದೆಯೂ ಎತ್ತದಿದ್ದ ತಂಗಿಯ ಮಾತನ್ನು ಎತ್ತಿ, ಹೇಳುತ್ತ ಹೇಳುತ್ತ ಅತ್ತರು. ತಾಯಿಯವರು ಪೂರ್ತಿ ಕೇಳಿದರು. ಒಂದು ತಟ್ಟೆಯಲ್ಲಿ ಮುದ್ದೆ ಇಟ್ಟು, "ಬೆಳಗಿಂದ ಏನೂ ತಿಂದಿಲ್ಲ ನೀನು, ಉಣ್ಣು ಮಗ" ಎಂದರು. ಅವರು ಉಂಡರು.

ಪದ್ಮನಾಭಯ್ಯನವರು ಮುಂದೆ ಇಪ್ಪತ್ತೆರಡು ವರ್ಷ ಸರ್ಕಾರಿ ಕೆಲಸದಲ್ಲಿದ್ದರು. ಹೊಸ ಊರಿನ ಕೆರೆ ನೋಡಲು ಹೋದಾಗಲೆಲ್ಲ ಅಳತೆಯ ಟೇಪು ಬಿಚ್ಚುವ ಮೊದಲು ಚಪ್ಪಲಿ ಕಳಚಿಟ್ಟು, "ಈ ಏರಿ ಕಟ್ಟಿದವರ ಮನೆಯವರು ಯಾರಾದರೂ ಊರಲ್ಲಿದ್ದಾರೆಯೇ? ಅವರನ್ನು ಮೊದಲು ಕಾಣಬೇಕು" ಎಂದು ಕೇಳುತ್ತಿದ್ದರಂತೆ.