ರಾಗಿಕಾಳಿನಷ್ಟು ಮರ

"ಗುರುಗಳೇ, ಏನೂ ವ್ಯರ್ಥವಾಗದ ಹಾಗೆ ದಾರಿ ಆರಿಸಿಕೊಳ್ಳುವುದು ಹೇಗೆ?" ಎಂದು ತಿಪ್ಪೇಶ ಕೇಳಿದ.

ಅಂದು ಬೆಳಿಗ್ಗೆಯಷ್ಟೇ ಅವನಿಗೆ ಮಠದ ಹಳದಿ ಬಟ್ಟೆ ಸಿಕ್ಕಿತ್ತು. ಅದರ ಒದ್ದೆ ಇನ್ನೂ ಆರಿರಲಿಲ್ಲ; ಅಂಗೈಗೆಲ್ಲ ಬಣ್ಣ ಹತ್ತಿತ್ತು. ಹನ್ನೆರಡು ವರ್ಷ ಊರೂರು ತಿರುಗಿ ಸೀರೆ ಮಾರಿದವನು ಅವನು. ಆ ವರ್ಷಗಳೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತಲ್ಲ ಎಂಬ ಸಂಕಟ ಬಟ್ಟೆ ಉಟ್ಟ ಗಳಿಗೆಯಿಂದ ಅವನನ್ನು ಹಿಡಿದಿತ್ತು.

ಗುರುಗಳು ಹೇಳಿದರು:

ಒಬ್ಬ ವೀಣೆ ಮಾಡುವವನಿದ್ದ. ಮನೆಯ ಹಿಂದಿನ ಕೊಟ್ಟಿಗೆಯೇ ಅವನ ಕೆಲಸದ ಜಾಗ. ಅವನು ಮಾಡಿದ ಪ್ರತಿ ವೀಣೆಯನ್ನೂ ಕೊಂಡವರ ಕೈಗೆ ಕೊಡುವ ಮೊದಲು ಅವನ ಹೆಂಡತಿ ಒಂದು ಸಂಜೆ ನುಡಿಸುತ್ತಿದ್ದಳು. ಅದು ಆ ಮನೆಯ ಕ್ರಮ. ಒಂದು ಸಂಜೆ, ಅಷ್ಟೇ. ಮರುದಿನ ವೀಣೆ ಹೊರಟುಹೋಗುತ್ತಿತ್ತು. ನಲವತ್ತು ವರ್ಷ ಹೀಗೇ ನಡೆಯಿತು. ಅವಳದು ಎನ್ನುವ ವೀಣೆ ಒಂದೂ ಇರಲಿಲ್ಲ.

ಅವಳು ಮದುವೆಯಾಗಿ ಬಂದ ವರ್ಷ ನೆಟ್ಟ ಹಲಸಿನ ಮರ ಒಂದು ದಿನ ಗಾಳಿಗೆ ಬಿತ್ತು. ಇದರಲ್ಲಿ ನಿನಗೆ ಒಂದು ವೀಣೆ, ಅದು ಮನೆ ಬಿಟ್ಟು ಹೋಗುವುದಿಲ್ಲ ಎಂದು ಅವನು ಮಾತು ಕೊಟ್ಟ. ಆದರೆ ಅವನ ತೋಳು ಸೋತಿತ್ತು, ಕೈಗರಗಸ ಎಳೆಯಲಾಗುತ್ತಿರಲಿಲ್ಲ. ದಿಮ್ಮಿ ಒಣಗಿದ ಮೇಲೆ ಬ್ಯಾಂಡ್‌ಸಾ ಕೊಳ್ಳಬೇಕೆಂದು ಪೇಟೆಗೆ ಹೋದ. ಎರಡು ಗಾಲಿಗಳ ಮೇಲೆ ಉಕ್ಕಿನ ಪಟ್ಟಿ ಸುತ್ತುತ್ತ ಮರ ಕೊಯ್ಯುವ ಯಂತ್ರ ಅದು.

ಅಂಗಡಿಯವನು ಒಂದನ್ನು ತೋರಿಸಿದ. ಗಟ್ಟಿ ಮೈ, ಕೊಟ್ಟಿಗೆಗೆ ಹಿಡಿಸುವ ಅಳತೆ, ಆ ದಿಮ್ಮಿಯ ದಪ್ಪಕ್ಕೆ ಸಾಲುವ ಎತ್ತರ. ವೀಣೆಯವನು ಒಂದೇ ಮಾತು ಕೇಳಿದ:

"ಇದು ಎಷ್ಟು ಮರ ತಿನ್ನುತ್ತೆ?"

"ಒಂದು ಗೆರೆಗೆ ರಾಗಿಕಾಳಿನಷ್ಟು ಅಗಲ ಹೊಟ್ಟಾಗಿ ಹೋಗುತ್ತೆ. ಎಲ್ಲರೂ ಎಷ್ಟು ದಪ್ಪ ಕೊಯ್ಯುತ್ತೆ ಅಂತ ಕೇಳ್ತಾರೆ ಸ್ವಾಮಿ, ಎಷ್ಟು ತಿನ್ನುತ್ತೆ ಅಂತ ಕೇಳಿದೋರು ನೀವೊಬ್ರೇ. ಹಲ್ಲಿರೋದು ತಿನ್ನದೆ ಇರುತ್ಯೇ?"

ಅವನ ಮನಸ್ಸು ಒಪ್ಪಲಿಲ್ಲ. ಅವಳು ನೆಟ್ಟ ಮರ. ರಾಗಿಕಾಳಿನಷ್ಟೂ ನೆಲಕ್ಕೆ ಬೀಳಬಾರದು. ಬೇರೆ ಅಂಗಡಿಗೆ ಹೋದ. ಅಲ್ಲಿಯ ಪಟ್ಟಿ ತೆಳುವಾಗಿತ್ತು, ಆದರೆ ಗೆರೆ ಬಿಟ್ಟು ಅಲೆಯುತ್ತಿತ್ತು. ಮತ್ತೊಂದರದು ಇನ್ನೂ ತೆಳು, ಹಲಸಿಗೆ ತಾಗಿದ್ದೇ ತುಂಡಾಯಿತು. ಅಳೆದೂ ಸುರಿದೂ ಮೂರು ವರ್ಷ ಕಳೆದ. ಪ್ರೀತಿಯಿಂದಲೇ ಕಳೆದ; ನನಗೆ ಸಿಟ್ಟು ಬರುವುದು ಅದಕ್ಕೇ.

ಮಧ್ಯಾಹ್ನ ಊಟವಾದ ಮೇಲೆ ಅವನು ಆ ದಿಮ್ಮಿಗೆ ಒರಗಿ ಕಣ್ಣು ಮುಚ್ಚುತ್ತಿದ್ದ. ಪ್ರತಿ ಸಲವೂ ಒಂದೇ ಕನಸು. ತಾನು ಹುಡುಕುತ್ತಿದ್ದ ಯಂತ್ರ ಕೊಟ್ಟಿಗೆಯಲ್ಲಿ ನಿಂತಿದೆ. ಸದ್ದಿಲ್ಲ. ಪಟ್ಟಿ ಸುತ್ತುತ್ತ ಸುತ್ತುತ್ತ ಮರದೊಳಗೆ ಹೋಗುತ್ತದೆ. ಒಂದು ಕಣ ಹೊಟ್ಟೂ ಬೀಳುವುದಿಲ್ಲ. ಪಟ್ಟಿ ಆಚೆ ಬರುವಷ್ಟರಲ್ಲಿ ಮರ ಅದರ ಹಿಂದೆಯೇ ಕೂಡಿಕೊಂಡಿರುತ್ತದೆ, ನೀರು ಕೂಡಿಕೊಂಡಂತೆ. ದಿಮ್ಮಿ ದಿಮ್ಮಿಯಾಗಿಯೇ ಇರುತ್ತದೆ. ಅವನು ಎದೆತುಂಬ ಸಂತೋಷದಿಂದ ಎಚ್ಚರಗೊಳ್ಳುತ್ತಿದ್ದ. ಕನಸು ಕೂಡ ಬುದ್ಧಿ ಹೇಳುತ್ತಿತ್ತು, ಹೇಳಿಸಿಕೊಳ್ಳುವವನು ಬೇಕಲ್ಲ!

ಒಂದು ದಿನ ಹಾಗೆ ಎಚ್ಚರವಾದಾಗ ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ತಂತಿಯಿದೆ ಎಂಬಂತೆ ದಿಮ್ಮಿಯ ಮೇಲೆ ಎಡಗೈ ಬೆರಳಾಡಿಸುತ್ತಿದ್ದಳು. ನಡುಬೆರಳು ಮಡಚುತ್ತಿರಲಿಲ್ಲ.

"ಬೆರಳಿಗೆ ಏನಾಯ್ತು?" ಎಂದ.

"ಎರಡು ವರ್ಷವಾಯ್ತು ಹೀಗಾಗಿ. ನೀವು ರಾಗಿಕಾಳು ಅಳೀತಿದ್ರಲ್ಲ, ನೋಡ್ಲಿಲ್ಲ" ಎಂದಳು.

ಮರುದಿನ ಅವನು ಮೊದಲ ಅಂಗಡಿಗೆ ಹೋಗಿ ಮೊದಲು ನೋಡಿದ ಯಂತ್ರವನ್ನೇ ತಂದ. ಕೊಯ್ದ. ಗೆರೆಗೆ ರಾಗಿಕಾಳಿನಷ್ಟೇ ಹೋಯಿತು, ಸಂಜೆಯ ಹೊತ್ತಿಗೆ ಎರಡು ಮೊರದಷ್ಟು ಅರಿಸಿನದ ಬಣ್ಣದ ಹೊಟ್ಟು ನೆಲದ ಮೇಲಿತ್ತು. ಅದನ್ನು ನೋಡಿ ಅವನಿಗೆ ಅಳು ಬಂತು. ಅವಳು ಗುಡಿಸಿ ಸೆರಗಿಗೆ ತುಂಬಿಕೊಂಡಳು.

ಎಂಟು ತಿಂಗಳಿಗೆ ವೀಣೆಯಾಯಿತು. ಅಷ್ಟರಲ್ಲಿ ಅವಳ ಎಡಗೈಯಲ್ಲಿ ಮಾತು ಕೇಳುವ ಬೆರಳು ಒಂದೇ ಉಳಿದಿತ್ತು. ಆ ಒಂದರಲ್ಲೇ ನಿಧಾನವಾಗಿ, ಬಿಟ್ಟು ಬಿಟ್ಟು ನುಡಿಸಿದಳು. ಮರುದಿನ ಬೆಳಿಗ್ಗೆ ಎದ್ದಾಗಲೂ ವೀಣೆ ಮನೆಯಲ್ಲೇ ಇತ್ತು. ಅವಳು ಅದನ್ನು ಮುಟ್ಟಿ ಮುಟ್ಟಿ ನೋಡಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ತಿಪ್ಪೇಶನಿಗೆ ಸಮಾಧಾನವಾಗಲಿಲ್ಲ.

"ಆದರೂ ಅವಳ ಮರ ಎರಡು ಮೊರದಷ್ಟು ವ್ಯರ್ಥವಾಯಿತಲ್ಲ, ಗುರುಗಳೇ?"

"ಸೆರಗಿನ ಹೊಟ್ಟನ್ನು ಅವಳು ಈ ಮಠಕ್ಕೆ ತಂದು ಕೊಟ್ಟಳು; ಬೆಳಿಗ್ಗೆ ನಿನ್ನ ಬಟ್ಟೆಯನ್ನು ಅದರಲ್ಲೇ ಕುದಿಸಿ ಬಣ್ಣ ಹಾಕಿದ್ದು."

ತಿಪ್ಪೇಶ ತನ್ನ ಅಂಗೈ ನೋಡಿಕೊಳ್ಳುತ್ತ ಕೂತುಬಿಟ್ಟ.